ಪರೀಕ್ಷೆಗೆ ಮುನ್ನವೇ ಬರೆದಿಟ್ಟ ರೋಗ

ಸಾರಿಗೆ ನೌಕರರ ವೈದ್ಯಕೀಯ ಮಂಡಳಿಯ ಅಧ್ಯಕ್ಷರೇ,

ಇಂದು 2007ರ ಜೂನ್ 18, ಸೋಮವಾರ. ನನ್ನ ತಂದೆಯ ಕಡತದಲ್ಲಿ ನೀವು ಸಹಿ ಹಾಕಿ ದೃಢಪಡಿಸಿದ ರೋಗದ ಕೋಡ್ ತಪ್ಪು ಎಂಬುದನ್ನೂ, ತಪ್ಪೆಂದು ತಿಳಿಸಿದ ಮೇಲೂ ನೀವು ಅದನ್ನು ತಿದ್ದಲಿಲ್ಲ ಎಂಬುದನ್ನೂ ಜನರೆದುರು ಹೇಳುವುದಷ್ಟೇ ಈ ಪತ್ರದ ಉದ್ದೇಶ. ಲಕೋಟೆಯಲ್ಲಿಟ್ಟು ಎರಡು ಸಲ ಬರೆದೆ, ಉತ್ತರ ಬರಲಿಲ್ಲ. ಇನ್ನು ಮುಂದೆ ನಿಮಗೆ ಬರೆಯುವುದನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರದವರೂ ಓದಲಿ.

ನನ್ನ ತಂದೆ ಕೆರಿಯಪ್ಪ ಇಪ್ಪತ್ತೆರಡು ವರ್ಷ ಬಸ್ ಓಡಿಸಿದವರು. ಅರಬೈಲ್ ಘಟ್ಟ ಇಳಿಯುವ ಮೊದಲು ಬಸ್ ನಿಲ್ಲಿಸಿ, ಕೆಳಗಿಳಿದು, ಸುತ್ತ ಒಮ್ಮೆ ನಡೆದು ಟೈರುಗಳನ್ನು ನೋಡಿಕೊಳ್ಳುವುದು ಅವರ ಪದ್ಧತಿ. ಕಳೆದ ಜನವರಿಯಲ್ಲಿ ಹಾಗೆ ಸುತ್ತು ಹಾಕಿ ಬಂದು ಕುಳಿತವರು ಬಸ್ ಹೊರಡಿಸಲಿಲ್ಲ. ಕಂಡಕ್ಟರ್ ಚನ್ನಯ್ಯನನ್ನು ಹತ್ತಿರ ಕರೆದು, “ಬ್ರೇಕ್ ಮೇಲೆ ಕಾಲು ಅದ್ಯೋ ಇಲ್ವೋ ಗೊತ್ತಾಗ್ತಿಲ್ಲ ಮಾರಾಯಾ. ಜನಾನ ಇಳ್ಸು” ಎಂದರು. ಜನ ಇಳಿದರು, ಬೈದರು. ಮುಂಡಗೋಡ ಕಡೆಯ ಒಬ್ಬ ಅಜ್ಜಿ, “ಏನ್ರೀ ಡ್ರೈವರ್ರ, ಕಾಲು ಮನ್ಯಾಗ ಬಿಟ್ಟು ಬಂದೀರೇನ?” ಎಂದು ಕೇಳಿದಳಂತೆ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಕಾಲಿನ ಬಗ್ಗೆ ಅಂದು ಪ್ರಶ್ನೆ ಕೇಳಿದ್ದು ಅವಳೊಬ್ಬಳೇ. ನಿಮ್ಮ ಮಂಡಳಿ ಇಂದಿಗೂ ಕೇಳಿಲ್ಲ.

ಹುಬ್ಬಳ್ಳಿಯಲ್ಲಿ ಸ್ಕ್ಯಾನ್ ಆಯಿತು. ಬೆನ್ನುಹುರಿಯ ನಾಳ ಸೊಂಟದ ಭಾಗದಲ್ಲಿ ತೀವ್ರವಾಗಿ ಕಿರಿದಾಗಿದೆ, ಆದ್ದರಿಂದಲೇ ನಡೆದರೆ ಕಾಲು ಮರಗಟ್ಟುತ್ತದೆ ಎಂದು ತಜ್ಞರು ಬರೆದುಕೊಟ್ಟರು. ರೋಗಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಈ ರೋಗಕ್ಕೆ ಎಂ 48.0 ಎಂಬ ಪ್ರತ್ಯೇಕ ಕೋಡ್ ಇದೆ. ನೀವು ದೃಢಪಡಿಸಿದ್ದು ಎಂ 54.5, ಎಂದರೆ ಬರಿಯ ಸೊಂಟನೋವು. ಕಾರಣ ಪತ್ತೆಯಾಗದಿದ್ದಾಗ ಮಾತ್ರ ಲಕ್ಷಣವನ್ನೇ ಕೋಡ್ ಮಾಡಬೇಕು ಎಂಬುದು ವೈದ್ಯಕೀಯ ದಾಖಲೆ ಡಿಪ್ಲೊಮಾದಲ್ಲಿ ನಮಗೆ ಮೊದಲ ತಿಂಗಳೇ ಕಲಿಸಿದ ಪಾಠ. ಆ ವಿಷಯದಲ್ಲಿ ನನಗೆ ನೂರಕ್ಕೆ ತೊಂಬತ್ತೇಳು ಅಂಕ, ತರಗತಿಗೇ ಮೊದಲ ಸ್ಥಾನ. ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ನಿಮ್ಮ ಗುಮಾಸ್ತರು ನನ್ನನ್ನು “ತಂಗೀ, ಇದೆಲ್ಲ ನಿಂಗೆ ತಿಳಿಯೂದಲ್ಲ” ಎಂದು ಬಾಗಿಲಿನಿಂದಲೇ ಕಳಿಸಿದ್ದರಿಂದ ಹೇಳಬೇಕಾಯಿತು.

ತಪ್ಪು ಹುಟ್ಟಿದ್ದು ಎಲ್ಲಿ ಎಂಬುದನ್ನು ಕಂಡುಹಿಡಿದಿದ್ದೇನೆ. ನಿಮ್ಮಲ್ಲಿ ಕೋಡ್ ಬರೆಯುವುದು ವೈದ್ಯರು ನೋಡಿದ ಮೇಲಲ್ಲ, ಚೀಟಿ ಕೊಡುವ ಕಿಟಕಿಯಲ್ಲಿ. ಅಲ್ಲಿ “ಎಂತ ಆಗ್ತದೆ?” ಎಂದು ಕೇಳುತ್ತಾರೆ. ಚಾಲಕರು ಯಾರೂ ಆ ಕಿಟಕಿಯಲ್ಲಿ ಕಾಲಿನ ಹೆಸರೆತ್ತುವುದಿಲ್ಲ. ಕಾಲು ಹೋಯಿತೆಂದರೆ ಸ್ಟೇರಿಂಗೂ ಹೋಯಿತು ಎಂಬ ಭಯ ಅವರದು. ಹಾಗಾಗಿ ಎಲ್ಲರೂ ಹೇಳುವುದು ಒಂದೇ ಮಾತು, “ಸೊಂಟನೋವು.” ತಂದೆಯೂ ಅದನ್ನೇ ಹೇಳಿದರು. ಅಲ್ಲಿಗೆ ರೋಗನಿರ್ಣಯ ಮುಗಿಯಿತು. ಆಮೇಲೆ ಬಂದ ಸ್ಕ್ಯಾನ್, ತಜ್ಞರ ವರದಿ ಎಲ್ಲವೂ ಆ ಒಂದು ಸಂಖ್ಯೆಯ ಕೆಳಗೆ ಗುಂಡುಸೂಜಿ ಚುಚ್ಚಿಸಿಕೊಂಡು ತೆಪ್ಪಗೆ ಮಲಗಿದವು.

ಅಧ್ಯಕ್ಷರೇ, ಕಿಟಕಿಯ ಗುಮಾಸ್ತರೇ ರೋಗ ನಿರ್ಧರಿಸುವುದಾದರೆ ನಿಮ್ಮ ಕುತ್ತಿಗೆಯಲ್ಲಿ ಸ್ಟೆತಾಸ್ಕೋಪ್ ಏಕೆ ತೂಗುತ್ತಿದೆ? ತಂದೆಯನ್ನು ಮೂರು ಗಂಟೆ ಬೆಂಚಿನ ಮೇಲೆ ಕೂರಿಸಿ, ಅನಂತರ ಕುಳಿತಲ್ಲೇ ಕಾಲೆತ್ತಿಸಿ, “ಸರಿಯಾಗಿದೆ” ಎಂದು ಬರೆದಿರಿ. ಈ ರೋಗದಲ್ಲಿ ಕುಳಿತರೆ ಆರಾಮವಾಗುತ್ತದೆ. ನಡೆಸಿದರೆ ತಾನೇ ತಿಳಿಯುವುದು? ಎಂ 48.0 ಆಗಿದ್ದರೆ ಅವರಿಗೆ ಡಿಪೊದಲ್ಲೇ ಹಗುರ ಕೆಲಸ ಸಿಗುತ್ತಿತ್ತು. ಎಂ 54.5 ಆದ್ದರಿಂದ ಸಿಕ್ಕಿದ್ದು ಘಟ್ಟದಲ್ಲಿ ಬಸ್ ನಿಲ್ಲಿಸಿದ ಕರ್ತವ್ಯಲೋಪದ ನೋಟಿಸ್ ಮತ್ತು ಅದೇ ಮಾರ್ಗಕ್ಕೆ ಮರಳಬೇಕೆಂಬ ಆದೇಶ. ಆ ಬಸ್ಸಿನಲ್ಲಿ ನಿಮ್ಮ ಮನೆಯವರನ್ನು ಕೂರಿಸುತ್ತೀರಾ?

ಮಾಹಿತಿ ಹಕ್ಕಿನಡಿ ಹೆಸರುಗಳಿಲ್ಲದ ಪಟ್ಟಿಯೊಂದನ್ನು ತರಿಸಿಕೊಂಡೆ. ಒಂದು ವರ್ಷದಲ್ಲಿ ನಿಮ್ಮ ಮುಂದೆ ಬಂದ ಚಾಲಕರು ನಲವತ್ತೊಂದು. ನಲವತ್ತೊಂದು ಬೆನ್ನುಗಳಿಗೂ ಒಂದೇ ಕೋಡ್, ಒಂದೇ ಕೈಬರಹ. ಅವರಲ್ಲಿ ಹತ್ತೊಂಬತ್ತು ಜನರನ್ನು ಡಿಪೊಗಳಲ್ಲಿ ಹುಡುಕಿ ಮಾತನಾಡಿಸಿದ್ದೇನೆ. ಅವರ ಸಹಿಯಿರುವ ದೂರು ಇಂದು ಬೆಳಿಗ್ಗೆ ವೈದ್ಯಕೀಯ ಪರಿಷತ್ತಿಗೆ ಹೋಗಿದೆ. ನಿಮ್ಮ ನಿವೃತ್ತಿಗೆ ಎಂಟು ತಿಂಗಳಿದೆ ಎಂದು ಕೇಳಿದೆ. ಆ ಎಂಟು ತಿಂಗಳೂ ನೀವು ವಿವರಣೆ ಬರೆಯುತ್ತಲೇ ಇರಬೇಕು ಎಂಬುದು ನನ್ನ ಆಸೆ, ಮುಚ್ಚಿಡುವುದಿಲ್ಲ.

ನಿನ್ನೆ ಭಾನುವಾರ ನಿಮ್ಮ ಗುಮಾಸ್ತರು ಇಸಳೂರಿನ ನಮ್ಮ ಮನೆಗೆ ಬಂದಿದ್ದರು. ತಪ್ಪಾಯಿತೆಂದು ತಂದೆ ಒಂದು ಅನುಕಂಪದ ಅರ್ಜಿ ಬರೆದುಕೊಟ್ಟರೆ ಹಗುರ ಕೆಲಸ ಕೊಡಿಸಬಹುದು, ಕೋಡ್ ಮಾತ್ರ ಹಾಗೆಯೇ ಇರಲಿ ಎಂದರು. ಅರ್ಜಿಯನ್ನು ಟೈಪ್ ಮಾಡಿಸಿಯೇ ತಂದಿದ್ದರು. ಅಮ್ಮ ವೆಂಕಮ್ಮ ಗುಮಾಸ್ತರಿಗೆ ಚಹಾ ಕೊಟ್ಟು, ಒಳಗೆ ಬಂದು ನನ್ನ ಕೈ ಹಿಡಿದು, “ಸಹಿ ಹಾಕ್ಸಿ ಮುಗ್ಸೆ ಮಗಾ, ಅಪ್ಪ ಘಟ್ಟ ಹತ್ತೂದು ತಪ್ತದಲ್ಲ” ಎಂದಳು. ತಂದೆ ಕಾಗದವನ್ನು ಎರಡು ಸಲ ಓದಿ ನನ್ನ ಕಡೆ ಚಾಚಿದರು. “ತಪ್ಪು ಯಾರ್ದು ಅಂತ ಇದ್ರಲ್ಲಿ ಬರ್ದದೆ, ನೋಡು” ಎಂದರು.

ನನ್ನ ಬೇಡಿಕೆ ಇಷ್ಟು: ಹದಿನೈದು ದಿನಗಳೊಳಗೆ ತಂದೆಯನ್ನು ಕರೆಸಿ, ನಿಮ್ಮ ಅಂಗಳದಲ್ಲಿ ನಡೆಸಿ, ನೀವೇ ಜೊತೆಗೆ ನಡೆದು ಪರೀಕ್ಷಿಸಿ. ಎಂ 54.5 ಅನ್ನು ಗುಮಾಸ್ತರ ಕೈಯಿಂದಲ್ಲ, ನಿಮ್ಮ ಕೈಯಿಂದ ಹೊಡೆದುಹಾಕಿ, ಪಕ್ಕದಲ್ಲಿ ಸರಿಯಾದುದನ್ನು ಬರೆದು ದಿನಾಂಕ ಹಾಕಿ. ಉಳಿದ ನಲವತ್ತು ಕಡತಗಳನ್ನೂ ತೆರೆಯಿರಿ.

ಅನುಕಂಪದ ಅರ್ಜಿಗೆ ನನ್ನ ತಂದೆ ಸಹಿ ಹಾಕುವುದಿಲ್ಲ.

ಇಂತಿ,
ಕಲಿತದ್ದನ್ನು ಮೊದಲು ಹೆತ್ತವರ ಕಡತದಲ್ಲೇ ಪ್ರಯೋಗಿಸಬೇಕಾಗಿ ಬಂದ
ತನುಜಾ ಕೆರಿಯಪ್ಪ ನಾಯ್ಕ
ಇಸಳೂರು, ಶಿರಸಿ