ಬಿಚ್ಚದೆ ಬಿಟ್ಟ ಹೊಲಿಗೆ

ಮೇಲ್ಮನೆಯ ಮಾಲೀಕರಿಗೆ,

ಕೆಳಮನೆಯ ಟೈಲರಮ್ಮನ ಕೊನೆಯ ನಮಸ್ಕಾರ.

ಸರ್ಕಾರದ ನೆರವಿನ ದುಡ್ಡು ನನ್ನ ಖಾತೆಗೆ ಬಿದ್ದ ವಾರವೇ ಬಾಡಿಗೆಯನ್ನು ಸರಿಯಾಗಿ ಅಷ್ಟೇ ಮೊತ್ತ ಏರಿಸಿದಿರಿ. “ಎಲ್ಲಾ ದುಬಾರಿ ಆಗಿದೆಯಮ್ಮಾ, ನಾನೇನ್ ಮಾಡ್ಲಿ?” ಎಂದಿರಿ. ನಿಮಗೋ ಬ್ಯಾಂಕು ಕರೆದು ಕಡಿಮೆ ಬಡ್ಡಿಗೆ ಸಾಲ ಕೊಟ್ಟಿತು. ಪಕ್ಕದ ಮನೆಯನ್ನೂ ಕೊಂಡಿರಿ. ಬಡವರಿಗೆಂದು ಅಚ್ಚು ಹಾಕಿದ ನೋಟು ನನ್ನ ಮನೆಯಲ್ಲಿ ಒಂದು ಲೋಟ ನೀರನ್ನೂ ಕುಡಿಯದೆ ಮೆಟ್ಟಿಲು ಹತ್ತಿ ನಿಮ್ಮಲ್ಲಿಗೆ ಬಂತು.

ಈ ವರ್ಷ ನಿಮ್ಮ ಪ್ಯಾಂಟಿನ ಸೊಂಟವನ್ನು ಎರಡು ಸಲ ಬಿಚ್ಚಿ ದೊಡ್ಡದು ಮಾಡಿದೆ; ನನ್ನ ಮಗಳ ಫ್ರಾಕನ್ನು ಒಳಗೆ ಹಿಡಿದು ಹೊಲಿದು ಚಿಕ್ಕದು ಮಾಡಿದೆ.

ಮುಂಗಡದ ಹಣವನ್ನು ನನ್ನ ತಮ್ಮನ ಕೈಗೆ ಕೊಡಿ. ನೀವು ಮತ್ತೆ ಕಳಿಸಿದ ಪ್ಯಾಂಟು ಬೀಗದ ಕೈ ಜೊತೆ ಬಾಗಿಲಲ್ಲಿದೆ. ಒಳಮಡಿಕೆಯಲ್ಲಿ ಎರಡು ಬೆರಳು ಬಟ್ಟೆ ಇನ್ನೂ ಇದೆ, ಬಿಚ್ಚಲಿಲ್ಲ. ಉಸಿರು ಬಿಗಿಹಿಡಿದು ಹಾಕಿಕೊಳ್ಳಿ. ನಾವು ಹಾಗೇ ಬದುಕಿದ್ದೇವೆ.

ಇಷ್ಟೇ,
ಮನೆ ಖಾಲಿ ಮಾಡಿದವಳು