ಚೌಡಿ ತಿರುವಿನಲ್ಲಿ ಯಾರ ತಪ್ಪು

ಹೊಸನಗರ ಬಸ್ ಸ್ಟ್ಯಾಂಡ್ ಎದುರಿನ ಹೋಟೆಲು,
ಮೇ ೨೭, ಬುಧವಾರ, ಬೆಳಿಗ್ಗೆ ಒಂಬತ್ತೂಕಾಲು

ಪ್ರೀತಿಯ ಅಕ್ಕಾ,

ಕ್ಷೇಮವೇ? ಕಾಲಿನ ಬೊಬ್ಬೆ ಒಣಗಿತೇ? ಪೊಲೀಸ್ ತರಬೇತಿಯವರು ನಿನಗೆ ಕೊಟ್ಟಿರುವ ಬೂಟು ಬೇರೆ ಯಾರದೋ ಪಾದಕ್ಕೆ ಹೊಲಿದದ್ದು ಎಂಬುದು ಅಮ್ಮನ ಅಭಿಪ್ರಾಯ. ಭಾನುವಾರ ನಿನಗೆ ಸಿಗುವ ಹತ್ತು ನಿಮಿಷದ ಫೋನಿನಲ್ಲಿ ಒಂಬತ್ತು ನಿಮಿಷ ಅಮ್ಮ ಆ ಬೊಬ್ಬೆಗೇ ಮೀಸಲಿಟ್ಟಳು. ಉಳಿದ ಒಂದು ನಿಮಿಷದಲ್ಲಿ ಅಪ್ಪಯ್ಯ "ಇಲ್ಲಿ ಎಲ್ಲ ಆರಾಮ" ಎಂದರು. ನಾನು ಹಿಂದೆ ನಿಂತು ಕೆಮ್ಮಿದೆ. "ಅವನಿಗೆ ಶೀತವಾ?" ಎಂದು ನೀನು ಕೇಳಿದ್ದು ನನಗೂ ಕೇಳಿಸಿತು. ಶೀತವಲ್ಲ. ಇಲ್ಲಿ ಎಲ್ಲ ಆರಾಮವೂ ಅಲ್ಲ. ಅದಕ್ಕೇ ನಿನ್ನ ತಮ್ಮನಾದ ನಾಗೇಂದ್ರ ಬಿನ್ ಸೀತಾರಾಮಪ್ಪ, ವಯಸ್ಸು ಇಪ್ಪತ್ತು, ಹುಟ್ಟಿದ ಮೇಲೆ ಮೊದಲ ಬಾರಿಗೆ ಅಂಚೆ ಲಕೋಟೆ ಕೊಂಡು, ಭಾವೀ ಸಬ್ ಇನ್‌ಸ್ಪೆಕ್ಟರ್ ಯಶೋಧಾ ಅವರ ಸನ್ನಿಧಿಗೆ ಈ ಮನವಿ ಸಲ್ಲಿಸುತ್ತಿದ್ದಾನೆ.

ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಅಭ್ಯಾಸದಂತೆ ಅಲ್ಲಿ ಇಲ್ಲಿ ಸುತ್ತುತ್ತೇನೆ. ಶುಕ್ರವಾರ ಸಂಜೆ ನಾಲ್ಕು ಗಂಟೆಗೆ ನಮ್ಮೂರ ಚೌಡಿ ತಿರುವಿನಲ್ಲಿ ನಮ್ಮ ಕಾರಿಗೂ ಟೈಲರ್ ಹೂವಯ್ಯನವರ ಸೈಕಲ್ಲಿಗೂ ಡಿಕ್ಕಿಯಾಯಿತು. ಅವರ ಬಲಗೈ ಮಣಿಕಟ್ಟು ಮುರಿದಿದೆ. ಆಸ್ಪತ್ರೆಯವರು ಸ್ಟೇಷನ್ನಿಗೆ ಚೀಟಿ ಕಳಿಸಿದರು, ಸ್ಟೇಷನ್ನಿನವರು "ನಿಮ್ಮಲ್ಲೇ ಮಾತಾಡ್ಕೊಂಡು ಬರೆದು ತನ್ನಿ" ಎಂದರು. ಇವತ್ತು ಹನ್ನೊಂದು ಗಂಟೆಗೆ ಇಲ್ಲಿನ ಸ್ಟೇಷನ್ನಿನಲ್ಲಿ ಹೂವಯ್ಯನವರು "ತಪ್ಪೆಲ್ಲ ನನ್ನದೇ" ಎಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತಲಿದ್ದಾರೆ. ಚಂದವಾಗಿ ಸುತ್ತಿ ಸುತ್ತಿ ರುಜು ಹಾಕುವ ಮನುಷ್ಯ, ಕೈ ಪ್ಲಾಸ್ಟರಿನಲ್ಲಿದೆಯೆಂದು ಎಡಗೈ ಹೆಬ್ಬೆಟ್ಟು. ತಪ್ಪು ಅವರದಲ್ಲ ಅಕ್ಕ.

(ಸಪ್ಲೈಯರ್ ಎರಡನೇ ಸಲ ಬಂದು "ಮತ್ತೆಂತ ಬೇಕು?" ಎಂದು ಕೇಳಿ ಹೋದ. ಮೊದಲ ಚಾ ಹಾಗೇ ತಣ್ಣಗಾಗಿದೆ. ಕಿಟಕಿಯ ಪಕ್ಕ ಕೂತರೆ ಪ್ರತಿ ಬಸ್ಸೂ ಹೂವಯ್ಯನವರು ಬರುವ ಬಸ್ಸೇ ಅನ್ನಿಸುತ್ತದೆಂದು ಗೋಡೆಯ ಪಕ್ಕಕ್ಕೆ ಬಂದೆ. ಇಲ್ಲಿ ಬಸ್ಸು ಕಾಣುವುದಿಲ್ಲವೆಂದು ಮತ್ತೆ ಕಿಟಕಿಗೆ ಹೊರಟಿದ್ದೇನೆ.)

ಚೌಡಿ ತಿರುವಿನ ಪದ್ಧತಿ ನಿನಗೆ ಗೊತ್ತೇ ಇದೆ, ಕಟ್ಟೆಯ ಮೇಲಿನ ಚೌಡಮ್ಮ ದೇವಿಗೆ ನಮಸ್ಕರಿಸದೆ ಯಾರೂ ದಾಟುವುದಿಲ್ಲ. ಬಸ್ಸಿನವರು ಹಾರ್ನ್ ಹೊಡೆಯುತ್ತಾರೆ, ಕಾರಿನವರು ಒಂದು ಕೈ ಬಿಟ್ಟು ಎದೆಗೂ ಹಣೆಗೂ ಮುಟ್ಟಿಸಿಕೊಳ್ಳುತ್ತಾರೆ, ಸೈಕಲ್ಲಿನವರು ಇಳಿದು ಕೈ ಮುಗಿದು ಮತ್ತೆ ಹತ್ತುತ್ತಾರೆ. ಹೂವಯ್ಯನವರು ನಲವತ್ತು ವರ್ಷ ಇಳಿದೇ ಕೈ ಮುಗಿದವರು. ಎರಡು ವರ್ಷದಿಂದ ಮಂಡಿನೋವು. ಇಳಿದರೆ ಮತ್ತೆ ಹತ್ತಲಾಗುವುದಿಲ್ಲವೆಂದು ಸೀಟಿನ ಮೇಲೆ ಕೂತೇ ಎರಡೂ ಕೈ ಜೋಡಿಸಿ, ಒಂದು ಕ್ಷಣ ಕಣ್ಣು ಮುಚ್ಚಿ, ಮುಂದೆ ಹೋಗುತ್ತಾರೆ. ಶುಕ್ರವಾರವೂ ಹಾಗೇ ಬರುತ್ತಿದ್ದರು, ಕ್ಯಾರಿಯರಿನಲ್ಲಿ ಶಾಲೆ ಮಕ್ಕಳ ಯೂನಿಫಾರಮ್ಮಿನ ಗಂಟು ಕಟ್ಟಿಕೊಂಡು. ಸಾಗರಕ್ಕೆ ಹೋಗಿ ಅಮ್ಮನ ಹೊಸ ಕನ್ನಡಕ ತರುತ್ತಿದ್ದ ನಾವಿಬ್ಬರು, ಅಪ್ಪಯ್ಯ ಮತ್ತು ನಾನು, ಎದುರಿನಿಂದ ಬಂದೆವು. ಢಂ ಎಂದಿತು. ಸೈಕಲ್ಲು ಚರಂಡಿಗೆ, ಹೂವಯ್ಯನವರು ರಸ್ತೆಗೆ, ನೀಲಿ ಚಡ್ಡಿಗಳೆಲ್ಲ ಚೌಡಿಯ ಕಟ್ಟೆಗೆ.

ಐದು ನಿಮಿಷದಲ್ಲಿ ಊರು ಸೇರಿತು. ಅವರನ್ನು ಆಟೋದಲ್ಲಿ ಆಸ್ಪತ್ರೆಗೆ ಕಳಿಸಿದ ಮೇಲೆ ಅಲ್ಲೇ ನ್ಯಾಯಾಲಯ ಕೂತಿತು. ಅಧ್ಯಕ್ಷರು ನಮ್ಮ ಶೇಷಪ್ಪಣ್ಣ. ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತರಾದರೂ ಸೀಟಿಯಿಂದ ಇನ್ನೂ ನಿವೃತ್ತರಾಗಿಲ್ಲವಷ್ಟೆ? ಒಂದು ಸಲ ಊದಿ ಎಲ್ಲರನ್ನೂ ಸುಮ್ಮನಾಗಿಸಿದರು. ಮಾಮೂಲಿ ಕಾಯಿದೆಯ ಪ್ರಕಾರ ದೊಡ್ಡ ಗಾಡಿಯವನದೇ ತಪ್ಪು, ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಪ್ಪಯ್ಯ "ಚೌಡಿಗೆ ಕೈ ಮುಗೀತಿದ್ದೆ ಮಾರಾಯ್ರೆ" ಎಂದುಬಿಟ್ಟರು. ಸಭೆಗೆ ಸಭೆಯೇ ತಬ್ಬಿಬ್ಬು. "ಕೈ ಮುಗ್ದಿದ್ದು ತಪ್ಪು ಅಂತ ಹೇಳಕ್ಕೆ ಯಾರಿಗದೆ ಧೈರ್ಯ? ಹೇಳಿ ನೋಡ್ವಾ" ಎಂದು ಶೇಷಪ್ಪಣ್ಣ ಸುತ್ತಲೂ ನೋಡಿದರು. ಯಾರಿಗೂ ಇರಲಿಲ್ಲ. ಎಲ್ಲರೂ ದಿನಾ ಅದೇ ದಾರಿಯಲ್ಲಿ ಓಡಾಡಬೇಕಲ್ಲ. ಆಮೇಲೆ ಚರ್ಚೆ ಕೈಗಳ ಲೆಕ್ಕಕ್ಕೆ ತಿರುಗಿತು. ಕಾರಿನವರು ಬಿಟ್ಟದ್ದು ಒಂದು ಕೈ, ಸೈಕಲ್ಲಿನವರು ಬಿಟ್ಟದ್ದು ಎರಡು. ಸಾಲದ್ದಕ್ಕೆ ಇಳಿದೂ ಇಲ್ಲ. "ಅವಳ ಮುಂದೆ ಕೂತ್ಕಂಡು ಕೈ ಮುಗ್ಯದಾ? ಅದಕ್ಕೇ ಹಿಂಗಾಯ್ತು" ಎಂದು ಯಾರೋ ಹಿಂದಿನಿಂದ ಹೇಳಿದರು. ತೀರ್ಪು ಅಲ್ಲಿಗೇ ಆಯಿತು. ಕಾರು ರಸ್ತೆಯ ಯಾವ ಬದಿಯಲ್ಲಿತ್ತು ಎಂದು ಒಬ್ಬನೂ, ಒಬ್ಬನೇ ಒಬ್ಬನೂ ಕೇಳಲಿಲ್ಲ ಅಕ್ಕ. ಒಡೆದ ಹೆಡ್‌ಲೈಟಿನ ಗಾಜು ಬಿದ್ದಲ್ಲೇ ಇದ್ದಿದ್ದರೆ ಅದಾದರೂ ಹೇಳುತ್ತಿತ್ತು. ಆದರೆ ಚಾದಂಗಡಿ ಹುಲಿಯಮ್ಮ "ದನಗಳು ಬರೋ ಹೊತ್ತು, ಕಾಲಿಗೆ ಚುಚ್ಚೀತು" ಎಂದು ಸಭೆ ಕೂರುವ ಮೊದಲೇ ಗುಡಿಸಿ ಚರಂಡಿಗೆ ಹಾಕಿದ್ದರು. ಅವರ ಒಳ್ಳೆಯತನಕ್ಕೆ ನಾನೆಂತ ಹೇಳಲಿ?

ಈಗ ನಿಜ ಬರೆಯುತ್ತೇನೆ, ಕೂತುಕೊಂಡು ಓದು. ಕಾರು ಓಡಿಸುತ್ತಿದ್ದದ್ದು ಅಪ್ಪಯ್ಯ ಅಲ್ಲ, ನಾನು. ಕೈಯಲ್ಲಿ ಕಲಿಕಾ ಲೈಸೆನ್ಸ್ ಇದೆ ನಿಜ. ಕೆಂಪು ಎಲ್ ಬೋರ್ಡನ್ನು ಮಾತ್ರ, ಸಾಗರದ ಪೇಟೆಯಲ್ಲಿ ಮರ್ಯಾದೆ ಹೋಗುತ್ತದೆಂದು ಸೀಟಿನಡಿ ತುರುಕಿದ್ದೆ. ತಿರುವು ಬಂತು. ಎಲ್ಲರಂತೆ ಹಣೆ ಮುಟ್ಟಿಕೊಂಡಿದ್ದರೆ ನಾನು ನಾಗೇಂದ್ರ ಹೇಗಾಗುತ್ತಿದ್ದೆ? ನಿನ್ನ ಹಾಗೆ ಬೆನ್ನು ಸೆಟೆಸಿ, ಕೈಯನ್ನು ಪಟ್ ಎಂದು ಹಣೆಗೆತ್ತಿ, ಚೌಡಿಗೊಂದು ಪೊಲೀಸ್ ಸೆಲ್ಯೂಟ್ ಹೊಡೆದೆ. "ಟ್ರೈನಿ ಯಶೋಧಾ ತಮ್ಮ ಹಾಜರಿ, ಮೇಡಂ!" ಎಂದೆ. ಎಂದವನು ರಸ್ತೆ ನೋಡಲಿಲ್ಲ, ಅಪ್ಪಯ್ಯ ನಕ್ಕರೋ ಇಲ್ಲವೋ ಎಂದು ಅವರ ಮುಖ ನೋಡಿದೆ. ಅಪ್ಪಯ್ಯ ನಕ್ಕಿದ್ದರು. ನೀನು ಹೋದ ಮೇಲೆ ಅಷ್ಟು ಜೋರಾಗಿ ನಕ್ಕದ್ದು ಅದೇ ಮೊದಲು. ತಿರುಗಿ ನೋಡುವಾಗ ಕಾರು ರಸ್ತೆಯ ಬಲಕ್ಕೆ ಪೂರ್ತಿ ನುಗ್ಗಿಯಾಗಿತ್ತು, ಹೂವಯ್ಯನವರು ಕಣ್ಣು ಮುಚ್ಚಿ ಕೈ ಮುಗಿದು ತಮ್ಮ ಬದಿಯಲ್ಲಿ ತಾವು ಬರುತ್ತಿದ್ದರು. ಅವರ ಕಣ್ಣು ತೆರೆದಿದ್ದರೂ ಎಲ್ಲಿಗೆ ಹೋಗಬೇಕಿತ್ತು? ಪಕ್ಕದಲ್ಲಿ ಚರಂಡಿ, ಎದುರಿನಲ್ಲಿ ನಾನು.

ಜನ ಬರುವ ಮೊದಲೇ ಅಪ್ಪಯ್ಯ ನನ್ನ ರಟ್ಟೆ ಹಿಡಿದು ಎಳೆದು ಆ ಕಡೆ ನಿಲ್ಲಿಸಿದರು. "ಓಡಿಸ್ತಿದ್ದಿದ್ದು ನಾನು. ಬಾಯಿ ಮುಚ್ಕೊಂಡಿರು" ಎಂದರು. ಮನೆಗೆ ಬಂದು ಜಗಳವಾಡಿದೆ. "ನಿನ್ನಕ್ಕ ಅಲ್ಲಿ ಬಿಸಿಲಲ್ಲಿ ಕವಾಯತು ಮಾಡ್ತಾ ಅದಾಳೆ, ಇಲ್ಲಿ ತಮ್ಮನ ಮೇಲೆ ಕೇಸಾದ್ರೆ ಅವಳ ನೌಕ್ರಿ ಗತಿ ಎಂತದ?" ಎಂದರು. ಅದಕ್ಕೆ ಉತ್ತರ ನಿನ್ನಲ್ಲಿದೆಯೇ? ತಮ್ಮನ ಕೇಸಿಗೆ ಅಕ್ಕನ ಟೋಪಿ ತೆಗೆಯುತ್ತಾರೆಯೇ? ಆಮೇಲೆ ಅಪ್ಪಯ್ಯ ಗೋಡೆ ನೋಡುತ್ತ, "ನಾನೂ ನಗಾಡಿದ್ನಲ್ಲ ಮಾರಾಯ" ಎಂದರು. ಅವತ್ತಿನಿಂದ ನಮ್ಮಿಬ್ಬರಿಗೂ ಮಾತಿಲ್ಲ. ಅಮ್ಮನಿಗೆ ಇದಾವುದೂ ಗೊತ್ತಿಲ್ಲ. ನನಗೆ ಊಟ ಸೇರದಿದ್ದರೆ ಹೊಟ್ಟೆಹುಳ ಎಂದು ಬೇವಿನ ಕಷಾಯ ಕುಡಿಸುತ್ತಿದ್ದಾಳೆ.

ನಿನ್ನೆ ಎಲ್ಲ ಹೇಳಿಬಿಡುವುದೆಂದು ಹೂವಯ್ಯನವರ ಅಂಗಡಿಗೆ ಹೋದೆ. ಸೋಮವಾರ ಶಾಲೆ ಶುರು. ಅರ್ಧ ಹೊಲಿದ ಅಂಗಿಗಳ ರಾಶಿಯ ಎದುರು ಸುಮ್ಮನೆ ಕೂತಿದ್ದರು. ನನ್ನನ್ನು ನೋಡಿ ಖುಷಿಯಾಯಿತು ಅವರಿಗೆ, ಅದೇ ತೊಂದರೆ. "ಬಾರಪ್ಪಾ, ಈ ಸೂಜಿಗೆ ದಾರ ಏರ್ಸಿಕೊಡು" ಎಂದರು. ಪೋಣಿಸಿಕೊಟ್ಟೆ. ಎಡಗೈಯಲ್ಲಿ ನಾಲ್ಕು ಹೊಲಿಗೆ ಹಾಕಿ, ಸೊಟ್ಟಗಾಯಿತೆಂದು ತಾವೇ ಬಿಚ್ಚಿದರು. ನಾನು ಹೇಳಬೇಕಾದದ್ದನ್ನು ಹೇಳದೆ, "ಹೂವಯ್ಯಣ್ಣ, ಚೌಡಮ್ಮನಿಗೇ ಒಂದು ಸಮನ್ಸ್ ಕಳ್ಸಣ, ಅವಳಲ್ವಾ ಇಬ್ಬರ ಕೈನೂ ಬಿಡ್ಸಿದ್ದು" ಎಂದು ಹಲ್ಲು ಕಿರಿದೆ. ಅವರು ನಗಲಿಲ್ಲ. "ಹಂಗೆಲ್ಲ ಆಡ್ಬೇಡ ಮಾರಾಯ. ಅವಳಿಗೆ ಸಿಟ್ಟು ಬಂದದ್ದು ನನ್ ಮೇಲೆ. ಎರಡು ವರ್ಷದಿಂದ ಇಳೀಲಿಲ್ಲಲ್ಲ ನಾನು, ಕಾದಳು, ಕಾದಳು, ಕೈಯೇ ಮುರ್ದಳು" ಎಂದರು. ರಾತ್ರಿ ಊಟ ಬಿಟ್ಟಿದ್ದಾರೆ. ಬೆಳಗಾಗುತ್ತಲೇ ಆ ಮಂಡಿಯಲ್ಲಿ ಕುಂಟುತ್ತ ತಿರುವಿನವರೆಗೆ ನಡೆದು ಹೋಗಿ ತಪ್ಪು ಕಾಣಿಕೆ ಇಟ್ಟು ಬರುತ್ತಾರೆ. ಇನ್ನು ಜನ್ಮದಲ್ಲಿ ಸೈಕಲ್ ಮುಟ್ಟುವುದಿಲ್ಲವಂತೆ. ಕಾಗದಕ್ಕೆ ಹೆಬ್ಬೆಟ್ಟು ಒತ್ತುವುದೂ ಅವರಿಗೆ ಪ್ರಾಯಶ್ಚಿತ್ತವೇ. "ಒಪ್ಕಂಡ್ರೆ ಅವಳೂ ಬಿಡ್ತಾಳೆ" ಎಂದರು. ಎರಡನೇ ಸೂಜಿಗೂ ದಾರ ಪೋಣಿಸಿಕೊಟ್ಟು ಎದ್ದು ಬಂದೆ. ಊರಿಗೆಲ್ಲ ಬಾಯಾಳಿ ಎನಿಸಿಕೊಂಡ ನಿನ್ನ ತಮ್ಮನಿಗೆ ಒಂದು ವಾಕ್ಯ ಆಡಲಾಗಲಿಲ್ಲ.

ಕಾನೂನು ಓದುವವಳು ನೀನು. ಕೈ ಮುಗಿದದ್ದಕ್ಕೆ ಯಾವ ಸೆಕ್ಷನ್ನು, ಸೆಲ್ಯೂಟು ಹೊಡೆದದ್ದಕ್ಕೆ ಯಾವುದು, ಮಗನ ಜಾಗದಲ್ಲಿ ಕೂತ ಅಪ್ಪಯ್ಯನಿಗೆ ಯಾವುದು, ಹುಡುಕಿ ಬರೆ ಎಂದು ಕೇಳಬೇಕೆಂದು ಈ ಕಾಗದ ಶುರು ಮಾಡಿದೆ. ನಿನ್ನ ಉತ್ತರ ಬರುವ ಹೊತ್ತಿಗೆ ಹೆಬ್ಬೆಟ್ಟಿನ ಮಸಿ ಒಣಗಿರುತ್ತದೆ ಎಂಬುದು ಇಷ್ಟು ಬರೆದ ಮೇಲೆ ಹೊಳೆಯುತ್ತಿದೆ. ಗಡಿಯಾರ ಹತ್ತು ಇಪ್ಪತ್ತು ತೋರಿಸುತ್ತಿದೆ.

ಬೂಟಿನೊಳಗೆ ಹತ್ತಿ ಇಟ್ಟುಕೋ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಬ್ಯಾರಕ್ಕಿನ ಗೆಳತಿಯರಿಗೆಲ್ಲ ನನ್ನ ನೆನಪು ಹೇಳು, ಗುರುತಿಲ್ಲದಿದ್ದರೂ ಪರವಾಗಿಲ್ಲ. ನಿನ್ನ ಪಾದಕ್ಕೆ, ಬೊಬ್ಬೆಯನ್ನು ತಪ್ಪಿಸಿ, ನಮಸ್ಕಾರ.

ನಿನ್ನ ತಮ್ಮ,
ನಾಗೇಂದ್ರ

ಮರೆತದ್ದು: ಸ್ಟೇಷನ್ ಬೆಂಚಿನ ಮೇಲೆ ಕೂತು ಗೀಚುತ್ತಿದ್ದೇನೆ. ಹತ್ತೂವರೆ ಬಸ್ಸಿನಿಂದ ಹೂವಯ್ಯನವರು ಒಬ್ಬರೇ ಇಳಿದರು. ಹೇಳಿಬಿಟ್ಟೆ, ಒಂದೂ ತಮಾಷೆ ಸೇರಿಸದೆ. "ಹಂಗಾರೆ ಅವಳು ನನ್ ಮೇಲೆ ಮುನಿಸ್ಕಂಡಿಲ್ಲ?" ಎಂದರು. ಇಲ್ಲ ಎಂದೆ. "ಇಳೀದೇ ಹೋದ್ರೂ?" ಇಲ್ಲ ಎಂದೆ. ಬಸ್ ಸ್ಟ್ಯಾಂಡಿನಲ್ಲಿ ನಿಂತೇ ಅತ್ತರು. ಆಮೇಲೆ ಎಡಗೈಯಲ್ಲಿ ನನ್ನ ಕೆನ್ನೆಗೊಂದು ಕೊಟ್ಟು, "ನಡಿ ಮುಂದೆ" ಎಂದರು. ಈಗ ಬೆಂಚಿನ ಆ ತುದಿಯಲ್ಲಿ ನನಗೆ ಬೆನ್ನು ಹಾಕಿ ಕೂತಿದ್ದಾರೆ. ಈ ಕಾಗದವನ್ನು ಮಾತ್ರ ಅಂಚೆ ಡಬ್ಬಕ್ಕೆ ಹಾಕಲು ಒಪ್ಪಿದ್ದಾರೆ. ಅಪ್ಪಯ್ಯ ಶೇಷಪ್ಪಣ್ಣನ ಜೊತೆ ಬಂದವರು ನನ್ನನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟಿದ್ದಾರೆ. ನಿನಗೇನಾದರೂ ತೊಂದರೆಯಾದರೆ ನನ್ನನ್ನು ಬೈ, ಅವರನ್ನು ಬೈಯಬೇಡ. ಒಳಗಿನಿಂದ "ಕಾರು ಓಡಿಸ್ತಿದ್ದೋರು ಯಾರ್ರೀ, ಬನ್ನಿ ಒಳಗೆ" ಎಂದು ಕೂಗಿದರು. ಅಪ್ಪಯ್ಯ ಒಂದು ಹೆಜ್ಜೆ ಮುಂದಿಟ್ಟರು. ನಾನು ಎದ್ದೆ.