ಫರ್ಸಿಯ ಒತ್ತು

ವಾಡಿ, 12 ಮಾರ್ಚ್ 1953

ಚಿತ್ತಾಪುರದ ಬಸವಂತರಾಯ ಸಾವುಕಾರರಿಗೆ ಡ್ರೈವರ್ ಖಂಡೆಪ್ಪನ ಶರಣು.

ನಿಮ್ಮ ಮೋಟಾರು ಇಲ್ಲಿಯ ರಿಪೇರಿ ಷೆಡ್ಡಿನಲ್ಲಿದೆ. ಮುಂದಿನ ಗಾಲಿಯ ಮೇಲಿನ ಕಮಾನುಪಟ್ಟಿಯನ್ನು ಗಾಡಿಯ ಚಾಸಿಗೆ ಹಿಡಿದಿಡುವ ಬ್ರಾಕೆಟ್ ಕಿತ್ತುಹೋಗಿದೆ. ಅದು ಸಡಿಲಾಗಿ ಸಪ್ಪಳ ಮಾಡುತ್ತಿದೆ, ಹೊಸ ಬೋಲ್ಟು ಬೇಕು ಎಂದು ಶಿವರಾತ್ರಿಗೆ ಮೊದಲೇ ಮೂರು ಸಲ ಹೇಳಿದ್ದೆ. "ಬೋಲ್ಟು ಆಮ್ಯಾಲ ನೋಡೋಣ, ಮೊದಲ ಆ ಸಪ್ಪಳ ಬಂದ್ ಮಾಡು" ಎಂದಿರಿ.

ನಾನಿಲ್ಲದಾಗ ನಿಮ್ಮ ಭಾವಮೈದುನ ನಾಗೇಂದ್ರಪ್ಪನವರು ಆ ಸಂದಿಗೆ ಶಹಾಬಾದ್ ಫರ್ಸಿಕಲ್ಲಿನ ಚೂರು ಬಡಿದರು, ಮಂಚದ ಕಾಲಿಗೆ ಒತ್ತು ಕೊಟ್ಟ ಹಾಗೆ. ಸಪ್ಪಳ ನಿಂತಿತು. "ಖಂಡೆಪ್ಪಗ ಬರೇ ಹೆದರ್ಸೋದು ಗೊತ್ತದ ನೋಡ್ರಿ" ಎಂದು ನಾನು ಬಂದಾಗ ಎಲ್ಲರೆದುರು ನಕ್ಕರು. ಏನು ಮಾಡಿದ್ದಾರೆಂದು ಸಿಟ್ಟಿನಲ್ಲಿ ನಾನು ಬಗ್ಗಿ ನೋಡಲಿಲ್ಲ. ಅದೊಂದು ನನ್ನ ತಪ್ಪು.

ಸೋಮವಾರ ನಿಮ್ಮ ಮಗಳು ಗುರುದೇವಿಯವರನ್ನು ಸೇಡಂನಿಂದ ಹೆರಿಗೆಗೆ ಕರೆತರುವಾಗ, ಮಳಖೇಡದ ಹೊಳೆಯ ಇಳಿಜಾರಿನಲ್ಲಿ ಒತ್ತಿನ ಆ ಕಲ್ಲು ಒಡೆಯಿತು. ಗಾಡಿ ದಂಡೆಯ ಕಡೆಗೇ ಎಳೆಯಿತು. ಅಂಚಿಗೆ ಒಂದು ಮೊಳ ಉಳಿದಿರುವಾಗ ನಿಲ್ಲಿಸಿದೆ. "ಖಂಡೆಪ್ಪಣ್ಣಾ, ನಿನಗೇನೂ ಪೆಟ್ಟಾಗಿಲ್ಲಲ್ಲ?" ಎಂದು ಆ ತಾಯಿ ಕೇಳಿದರು. ನೀವು ಅಷ್ಟೂ ಕೇಳಲಿಲ್ಲ.

ಇಂದು ನಿಮ್ಮ ಆಳು ಕಾಗದ ತಂದಿದ್ದಾನೆ. ಡ್ರೈವರ್ ಜೋರಾಗಿ ಓಡಿಸಿ ಗಾಡಿ ಮುರಿದನೆಂದು ಅದರಲ್ಲಿ ಬರೆದಿದೆ. ಕೆಳಗೆ ನನ್ನ ರುಜು ಬೇಕಂತೆ.

ಬ್ರಾಕೆಟ್‌ಗೆ ಹೊಸ ಬೋಲ್ಟು ಹಾಕಿಸಿರಿ, ತಂತಿ ಸುತ್ತಿಸಬೇಡಿರಿ. ಮೊದಲ ಸಲ ನಾಗೇಂದ್ರಪ್ಪನವರನ್ನು ಕೂರಿಸಿ ಓಡಿಸಿರಿ, ಮಗಳನ್ನಲ್ಲ. ನಾನು ಇನ್ನು ಬರುವುದಿಲ್ಲ.

ಕಾಗದವನ್ನು ರುಜು ಹಾಕದೆ ಹಿಂದಕ್ಕೆ ಕಳಿಸಿದ್ದೇನೆ. ಜೊತೆಗೆ ಫರ್ಸಿಯ ಉಳಿದ ತುಂಡೂ ಇದೆ. ನಿಮ್ಮ ಸುಳ್ಳಿಗೆ ಅದನ್ನೇ ಒತ್ತು ಕೊಡಿರಿ.

ಈ ಪತ್ರಕ್ಕೆ ಮಾತ್ರ ನನ್ನ ರುಜು,
ಖಂಡೆಪ್ಪ